ಹೊರಗೆ ಅರಮನೆ, ಒಳಗೆ ಓಣಿ: ಸರ್ಕಾರಿ ಕಚೇರಿ ಕಟ್ಟಡಗಳು ಹೀಗೇಕಾದವು?

ಪ್ರಶ್ನೆ: ಹಳೆಯ ಸರ್ಕಾರಿ ಕಚೇರಿಗಳು ಹೊರಗಿನಿಂದ ಕಂಬ, ಗೋಪುರ, ಅಗಲವಾದ ಮೆಟ್ಟಿಲುಗಳಿಂದ ಅರಮನೆಯಂತೆ ಕಾಣುತ್ತವೆ. ಒಳಗೆ ಹೋದರೆ ಮುಗಿಯದ ಕಾರಿಡಾರ್, ಅದರ ಇಕ್ಕೆಲಗಳಲ್ಲಿ ಒಂದೇ ತೆರನಾದ ಕೋಣೆಗಳು. ಬೇರೆ ಬೇರೆ ದೇಶಗಳಲ್ಲಿಯೂ ಇದೇ ವಿನ್ಯಾಸ ಕಾಣುವುದೇಕೆ? ಕಚೇರಿಗೆಂದೇ ಕಟ್ಟಡ ಕಟ್ಟುವ ಪದ್ಧತಿ ಯಾವಾಗ ಆರಂಭವಾಯಿತು, ಮತ್ತು ಇಪ್ಪತ್ತನೆಯ ಶತಮಾನದಲ್ಲಿ ಅವು ಪೆಟ್ಟಿಗೆಗಳಂತಾದದ್ದು ಏಕೆ?

ಉತ್ತರ: ಈ ಕಟ್ಟಡಗಳಿಗೆ ಮೊದಲಿನಿಂದಲೂ ಇಬ್ಬರು ಯಜಮಾನರು. ಮುಂಭಾಗ ಹೇಗಿರಬೇಕೆಂಬುದನ್ನು ಅರಸನೋ ಮಂತ್ರಿಮಂಡಲವೋ ಸ್ಪರ್ಧೆಯ ತೀರ್ಪುಗಾರರೋ ನಿರ್ಧರಿಸಿದರು. ಒಳಭಾಗ ಹೇಗಿರಬೇಕೆಂಬುದನ್ನು ನಿರ್ಧರಿಸಿದ್ದು ಕಾಗದ ಮತ್ತು ಹಗಲಿನ ಬೆಳಕು. ವಾಸ್ತುಶಿಲ್ಪದ ಚರಿತ್ರೆಗಳು ಹೆಚ್ಚಾಗಿ ಮೊದಲನೆಯದನ್ನೇ ವಿವರಿಸುತ್ತವೆ, ಏಕೆಂದರೆ ಶೈಲಿಯ ಕುರಿತು ನಡೆದ ಜಗಳಗಳಿಗೆ ದಾಖಲೆಗಳು ಹೇರಳವಾಗಿವೆ. ಆದರೆ ನೀವು ಗಮನಿಸಿದ ಸಾಮ್ಯ, ಅಂದರೆ ಹೊರಗಿನ ವೇಷ ಬದಲಾದರೂ ಒಳಗಿನ ಮೈಕಟ್ಟು ಬದಲಾಗದಿರುವುದು, ಅರ್ಥವಾಗಬೇಕಾದರೆ ಎರಡನೆಯದರಿಂದ ಹೊರಡಬೇಕು.

ವಾಸ್ತುಶಿಲ್ಪಿಗಳ ಬಳಕೆಯಲ್ಲಿ ಒಂದು ಅಂದಾಜಿನ ಲೆಕ್ಕವಿದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಸುಮಾರು ಎರಡು ಪಟ್ಟು ದೂರದವರೆಗೆ ಮಾತ್ರ ಓದಲು, ಬರೆಯಲು ಸಾಲುವಷ್ಟು ಹಗಲು ಬೆಳಕು ಕೋಣೆಯೊಳಗೆ ಬರುತ್ತದೆ. ಕಿಟಕಿ ಮೂರು, ಮೂರೂವರೆ ಮೀಟರ್ ಎತ್ತರವಿದ್ದರೆ ಗುಮಾಸ್ತನ ಮೇಜು ಗೋಡೆಯಿಂದ ಆರೇಳು ಮೀಟರ್‌ಗಿಂತ ಆಚೆ ಹೋಗುವಂತಿಲ್ಲ. ಎರಡು ಬದಿಗೂ ಅಂತಹ ಒಂದೊಂದು ಸಾಲು ಕೋಣೆ, ನಡುವೆ ಓಡಾಡಲು ಎರಡು ಮೂರು ಮೀಟರ್ ದಾರಿ ಬಿಟ್ಟರೆ ಕಟ್ಟಡದ ಒಟ್ಟು ದಪ್ಪ ಹದಿನೈದು ಹದಿನೇಳು ಮೀಟರ್ ಆಗುತ್ತದೆ. ಅದಕ್ಕಿಂತ ದಪ್ಪಗೆ ಕಟ್ಟಿದರೆ ನಡುಭಾಗ ಕತ್ತಲೆ. ಆದ್ದರಿಂದ ನೂರಾರು ಜನ ಕುಳಿತು ಬರೆಯಬೇಕಾದ ಕಟ್ಟಡಕ್ಕೆ ಎರಡೇ ದಾರಿ ಉಳಿಯುತ್ತವೆ: ಹಗ್ಗದಂತೆ ಉದ್ದಕ್ಕೆ ಎಳೆಯುವುದು, ಇಲ್ಲವೆ ಆ ಹಗ್ಗವನ್ನು ಅಂಗಳದ ಸುತ್ತ ಮಡಿಸುವುದು. ವಿದ್ಯುದ್ದೀಪ ಅಗ್ಗವಾಗುವವರೆಗೆ ಯಾವ ದೇಶದ ಸರ್ಕಾರಕ್ಕೂ ಮೂರನೆಯ ದಾರಿ ಇರಲಿಲ್ಲ.

ಹಾಗೆಂದು ಕಚೇರಿಗೆ ಕಟ್ಟಡವೊಂದು ಬೇಕೆಂಬ ಯೋಚನೆಯೇ ತೀರ ಹಳೆಯದಲ್ಲ. ಆಡಳಿತ ಬಹುಕಾಲ ಮೇಜು, ಪೆಟ್ಟಿಗೆ, ಬಾಗಿಲುಗಳ ಮಟ್ಟದಲ್ಲಿಯೇ ಇತ್ತು ಎಂಬುದಕ್ಕೆ ಪದಗಳೇ ಸಾಕ್ಷಿ. ಫ್ರೆಂಚರ ‘ಬ್ಯೂರೋ’ ಮೊದಲು ಮೇಜಿನ ಮೇಲೆ ಹಾಸುತ್ತಿದ್ದ ಒರಟು ಉಣ್ಣೆಬಟ್ಟೆಯ ಹೆಸರು. ಅದು ಮೇಜಿಗೆ, ಮೇಜಿನಿಂದ ಕೋಣೆಗೆ, ಕೋಣೆಯಿಂದ ಇಲಾಖೆಗೆ ದಾಟಿತು. ಇಂಗ್ಲೆಂಡಿನ ಖಜಾನೆ ‘ಎಕ್ಸ್‌ಚೆಕರ್’ ಎನಿಸಿದ್ದು ಹಣ ಎಣಿಸಲು ಹಾಸುತ್ತಿದ್ದ ಚದುರಂಗದ ಮನೆಗಳಂತಹ ಚೌಕುಳಿ ಬಟ್ಟೆಯಿಂದ. ನಮ್ಮ ‘ದಫ್ತರ’ ಪಾರಸಿಯ ಮೂಲಕ ಬಂದದ್ದಾದರೂ ಅದರ ಬೇರು ಗ್ರೀಕಿನಲ್ಲಿ ಹದಮಾಡಿದ ಚರ್ಮ ಎಂಬ ಅರ್ಥದ ಪದ. ಉಸ್ಮಾನಿ ಸಾಮ್ರಾಜ್ಯದ ಸರ್ಕಾರವನ್ನು ಯೂರೋಪಿನ ರಾಯಭಾರಿಗಳು ‘ಉನ್ನತ ದ್ವಾರ’ ಎಂದೇ ಕರೆಯುತ್ತಿದ್ದರು. ಮಹಾವಜೀರನ ನಿವಾಸದ ಹೆಬ್ಬಾಗಿಲೇ ರಾಜ್ಯಭಾರದ ಹೆಸರಾಗಿತ್ತು. ಕನ್ನಡದಲ್ಲಂತೂ ಕಚೇರಿ ಎಂಬ ಮಾತು ಇಂದಿಗೂ ಕಟ್ಟಡಕ್ಕೆ ಪೂರ್ತಿಯಾಗಿ ಅಂಟಿಕೊಂಡಿಲ್ಲ. ಸಂಗೀತ ಕಚೇರಿ ಎನ್ನುವಾಗ ನಾವು ಜನ ಸೇರಿದ ಸಭೆಯನ್ನು ಹೇಳುತ್ತೇವೆಯೇ ಹೊರತು ಗೋಡೆಗಳನ್ನಲ್ಲ.

ಇದಕ್ಕೆ ದೊಡ್ಡ ಅಪವಾದ ಚೀನಾ. ಮಿಂಗ್ ಮತ್ತು ಚಿಂಗ್ ಅರಸರ ಕಾಲದ ಬೀಜಿಂಗ್‌ನಲ್ಲಿ ಅರಮನೆಯ ದಕ್ಷಿಣ ದ್ವಾರದ ಮುಂದೆ ಚಾಚಿಕೊಂಡಿದ್ದ ವಿಧ್ಯುಕ್ತ ಮಾರ್ಗದ ಎರಡು ಪಕ್ಕಗಳಲ್ಲಿ ಸಚಿವಾಲಯಗಳು ಸಾಲಾಗಿ ನಿಂತಿದ್ದವು. ಜಿಲ್ಲಾ ಮಟ್ಟದಲ್ಲಿ ‘ಯಾಮೆನ್’ ಎಂಬ ಪ್ರಾಕಾರವಿತ್ತು. ಮುಂದೆ ವಿಚಾರಣೆಯ ಸಭಾಂಗಣ, ಅದರೆದುರಿನ ಅಂಗಳದ ಎಡಬಲಕ್ಕೆ ಗುಮಾಸ್ತರ ಕೋಣೆಗಳು, ಹಿಂದೆ ಅಧಿಕಾರಿಯ ವಸತಿ. ಈ ಗುಮಾಸ್ತರ ಕೋಣೆಗಳನ್ನು ರಾಜಧಾನಿಯ ಆರು ಸಚಿವಾಲಯಗಳಿಗೆ ಹೊಂದುವಂತೆ ಆರಾಗಿಯೇ ವಿಂಗಡಿಸುತ್ತಿದ್ದರು: ನೇಮಕ, ಕಂದಾಯ, ವಿಧಿವಿಧಾನ, ಸೇನೆ, ದಂಡನೆ, ಕಾಮಗಾರಿ. ಅಧಿಕಾರಿ ತನ್ನ ಸ್ವಂತ ಪ್ರಾಂತ್ಯದಲ್ಲಿ ಕೆಲಸ ಮಾಡುವಂತಿಲ್ಲ ಎಂಬ ನಿಯಮವಿದ್ದುದರಿಂದ ಅವನು ಎಲ್ಲಿಗೆ ವರ್ಗವಾಗಿ ಹೋದರೂ ಪರಿಚಿತವಾದ ನಕ್ಷೆಯೇ ಎದುರಾಗುತ್ತಿತ್ತು. ಮಾದರಿ ನಕ್ಷೆ ಇಟ್ಟುಕೊಂಡು ಊರೂರಿಗೆ ಕಚೇರಿ ಕಟ್ಟುವ ಪದ್ಧತಿ ಆಧುನಿಕ ಇಂಜಿನಿಯರರ ಆವಿಷ್ಕಾರವೇನಲ್ಲ.

ಯೂರೋಪಿನಲ್ಲಿ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಕಟ್ಟಡ ಫ್ಲಾರೆನ್ಸಿನ ಉಫೀಜಿ. ಇಂದು ಅದು ಚಿತ್ರಶಾಲೆಯೆಂದು ಪ್ರಸಿದ್ಧವಾದರೂ ಹೆಸರಿನ ಅರ್ಥ ‘ಕಚೇರಿಗಳು’ ಎಂದಷ್ಟೇ. ಮೆದಿಚಿ ಮನೆತನದ ಒಂದನೆಯ ಕೊಸಿಮೊ ಊರಿನಲ್ಲಿ ಚದುರಿಹೋಗಿದ್ದ ಹದಿಮೂರು ಆಡಳಿತ ಮಂಡಲಿಗಳನ್ನು ಒಂದೇ ಕಡೆಗೆ ತರಲು ಬಯಸಿ 1560ರಲ್ಲಿ ಈ ಕಟ್ಟಡವನ್ನು ಆರಂಭಿಸಿದ. ವಿನ್ಯಾಸ ಜಾರ್ಜಿಯೊ ವಸಾರಿಯದು. ಕುಶಲ ಕೆಲಸಗಾರರ ಸಂಘಗಳೂ ಅವುಗಳ ವ್ಯಾಜ್ಯಗಳನ್ನು ನೋಡಿಕೊಳ್ಳುವ ಮಂಡಲಿಗಳೂ ಗಣರಾಜ್ಯದ ಕಾಲದಿಂದ ತಂತಮ್ಮ ನೆಲೆಗಳಲ್ಲಿ ಸ್ವತಂತ್ರವಾಗಿದ್ದವು. ಅವುಗಳನ್ನು ಒಂದು ಸೂರಿನಡಿ ತರುವುದೆಂದರೆ ಅನುಕೂಲ ಮಾತ್ರವಲ್ಲ, ಹದ್ದುಬಸ್ತು ಕೂಡ. ವಸಾರಿ ಮಾಡಿದ್ದೇನು? ಅರಮನೆಯ ಚೌಕದಿಂದ ಆರ್ನೊ ನದಿಯವರೆಗೆ ಉದ್ದವಾದ, ಕಿರಿದಾದ ಅಂಗಳವೊಂದನ್ನು ಬಿಟ್ಟು, ಅದರ ಮೂರು ಬದಿಗೆ ಒಂದೇ ಅಳತೆಯ ಘಟಕಗಳನ್ನು ಜೋಡಿಸಿದ. ನೆಲಮಟ್ಟದಲ್ಲಿ ಕಂಬಸಾಲಿನ ಮೊಗಸಾಲೆ, ಅದರೊಳಗೆ ಸಾಲು ಬಾಗಿಲುಗಳು, ಒಂದೊಂದು ಬಾಗಿಲಿನ ಹಿಂದೆ ಒಂದೊಂದು ಮಂಡಲಿ. ಯಾವ ಮಂಡಲಿಯೂ ಹೊರಗಿನಿಂದ ಎದ್ದು ಕಾಣುವುದಿಲ್ಲ. ಎದ್ದು ಕಾಣುವುದು ಕಂಬಗಳ ಓಟ ಮಾತ್ರ. ನನ್ನ ಅಭಿಪ್ರಾಯದಲ್ಲಿ ಸರ್ಕಾರಿ ಕಚೇರಿಯ ಮುಖಚರ್ಯೆ ಹುಟ್ಟಿದ್ದು ಇಲ್ಲಿ, ಮತ್ತು ಅದರ ಏಕತಾನತೆ ಉದ್ದೇಶಪೂರ್ವಕವಾದದ್ದು. ವಸಾರಿ 1574ರಲ್ಲಿ ತೀರಿಕೊಂಡ ಮೇಲೆ ಬೇರೆಯವರು ಕೆಲಸ ಮುಗಿಸಿದರು. ಅಷ್ಟರಲ್ಲಿ ಕೊಸಿಮೊನ ಮಗ ಫ್ರಾಂಚೆಸ್ಕೊ ಮೇಲಂತಸ್ತಿನ ಬೆಳಕಿನ ಪಡಸಾಲೆಯಲ್ಲಿ ತನ್ನ ಶಿಲ್ಪ, ಚಿತ್ರಗಳನ್ನು ಇರಿಸತೊಡಗಿದ್ದ.

ಬಾಗಿಲು ನೇರ ಅಂಗಳಕ್ಕೆ ತೆರೆಯುವ ಈ ಕ್ರಮ ನೆಲಮಟ್ಟಕ್ಕೆ ಸರಿ; ಮೇಲಂತಸ್ತುಗಳಿಗೆ ಹೊಂದುವುದಿಲ್ಲ. ಆ ಕಾಲದ ಅರಮನೆಗಳಲ್ಲಿ ಒಂದು ಕೋಣೆಯಿಂದ ಮತ್ತೊಂದು ಕೋಣೆಗೆ ನೇರವಾಗಿ ದಾಟಿಹೋಗುವುದೇ ರೂಢಿ, ಪಕ್ಕದಲ್ಲಿ ಹಾದುಹೋಗಲು ಪ್ರತ್ಯೇಕ ದಾರಿ ಇರುತ್ತಿರಲಿಲ್ಲ. ದರ್ಬಾರಿಗೆ ಅದು ಒಪ್ಪುತ್ತಿತ್ತು, ಯಾರು ಎಷ್ಟನೆಯ ಕೋಣೆಯವರೆಗೆ ಬರಬಹುದೆಂಬುದೇ ಅವರ ಅಂತಸ್ತನ್ನು ಹೇಳುತ್ತಿತ್ತು. ಗುಟ್ಟಿನ ಪತ್ರ ಬರೆಯುವ ಕಾರ್ಯದರ್ಶಿಯ ಬೆನ್ನ ಹಿಂದೆ ಅರ್ಜಿದಾರರು ಹಾದುಹೋಗುವುದು ಕಚೇರಿಗೆ ಒಪ್ಪುವ ಮಾತಲ್ಲ. ಪ್ರತಿ ಕೋಣೆಗೂ ಬೇರೆ ಬಾಗಿಲು, ಬಾಗಿಲುಗಳನ್ನೆಲ್ಲ ಪೋಣಿಸುವ ಕಾರಿಡಾರ್: ಇದು ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ನಿಧಾನವಾಗಿ ಬೇರೂರಿತು. ನೀವು ಕಂಡ ‘ಮುಗಿಯದ ಓಣಿ’ ಆ ಹೊತ್ತಿಗೆ ಒಂದು ಸೌಕರ್ಯವೇ ಆಗಿತ್ತು.

ಲಂಡನ್ನಿನ ಎರಡು ಕಟ್ಟಡಗಳಲ್ಲಿ ಈ ಪರಿವರ್ತನೆಯ ಅರ್ಧದಾರಿಯನ್ನು ಕಾಣಬಹುದು. ಥಾಮಸ್ ರಿಪ್ಲಿ ವಿನ್ಯಾಸಗೊಳಿಸಿ 1726ರಲ್ಲಿ ಮುಗಿದ ನೌಕಾಡಳಿತ ಕಚೇರಿ ಬ್ರಿಟನ್ನಿನಲ್ಲಿ ಕಚೇರಿಗೆಂದೇ ಕಟ್ಟಿದ ಮೊದಲ ದೊಡ್ಡ ಕಟ್ಟಡಗಳಲ್ಲಿ ಒಂದು. ಅದರ ಮಂಡಲಿ ಸಭಾಂಗಣದ ಗೋಡೆಯಲ್ಲಿ ಒಂದು ಮುಳ್ಳುಫಲಕವಿದೆ. ಮಾಳಿಗೆಯ ಮೇಲಿನ ಗಾಳಿಕೋಳಿಗೆ ಜೋಡಿಸಿದ ಅದರ ಮುಳ್ಳು ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದನ್ನು ತೋರಿಸುತ್ತಿತ್ತು. ಹಾಯಿಹಡಗುಗಳ ಕಾಲದಲ್ಲಿ ಶತ್ರುವಿನ ಹಡಗು ಬಂದರು ಬಿಟ್ಟು ಹೊರಡಬಲ್ಲದೇ ಇಲ್ಲವೇ ಎಂಬುದು ಗಾಳಿಯನ್ನೇ ಅವಲಂಬಿಸಿತ್ತಾದ್ದರಿಂದ ಇದು ಅಲಂಕಾರವಲ್ಲ, ಕೆಲಸದ ಉಪಕರಣ. ವಿಲಿಯಂ ಚೇಂಬರ್ಸ್ 1776ರಲ್ಲಿ ಆರಂಭಿಸಿದ ಸೋಮರ್‌ಸೆಟ್ ಹೌಸ್ ಇನ್ನೂ ಸ್ವಾರಸ್ಯಕರ. ಥೇಮ್ಸ್ ನದಿಯ ಕಡೆಯಿಂದ ಅದು ಒಂದೇ ಮಹಾಸೌಧವೆನಿಸುತ್ತದೆ. ಒಳಗೆ ಮಾತ್ರ ನೌಕಾಮಂಡಲಿ, ಸ್ಟ್ಯಾಂಪ್ ಕಚೇರಿ, ತೆರಿಗೆ ಕಚೇರಿ ಮುಂತಾದವುಗಳಿಗೆ ನೆಲಮಾಳಿಗೆಯಿಂದ ಸೂರಿನವರೆಗೆ ಲಂಬವಾಗಿ ಕೊಯ್ದ ಒಂದೊಂದು ಹೋಳು ಕೊಟ್ಟಿದ್ದರು. ಪ್ರತಿಯೊಂದಕ್ಕೂ ತನ್ನದೇ ಬಾಗಿಲು, ತನ್ನದೇ ಮೆಟ್ಟಿಲು. ಅಂದರೆ ಇದು ಒಂದೇ ಮುಖವಾಡದ ಹಿಂದೆ ಸಾಲಾಗಿ ನಿಂತ ಮನೆಗಳು. ಇಲಾಖೆಗಳು ಬೆಳೆದಾಗ ಅಕ್ಕಪಕ್ಕಕ್ಕೆ ಹರಡಲು ಈ ಕ್ರಮದಲ್ಲಿ ದಾರಿಯಿರಲಿಲ್ಲ. ಮುಂದಿನ ಶತಮಾನ ಲಂಬ ಹೋಳುಗಳನ್ನು ಬಿಟ್ಟು ಅಂತಸ್ತು ಅಂತಸ್ತಾಗಿ ಹಂಚುವ, ಉದ್ದ ಕಾರಿಡಾರ್‌ನ ಪದ್ಧತಿಯನ್ನೇ ಆರಿಸಿಕೊಂಡಿತು.

ಬೆಳಕಿನಷ್ಟೇ ಬಲವಾಗಿ ಈ ಕಟ್ಟಡಗಳನ್ನು ರೂಪಿಸಿದ ಮತ್ತೊಂದು ಸಂಗತಿ ಬೆಂಕಿ. ಕಾಗದ ತುಂಬಿದ ಕೋಣೆ, ಮರದ ತೊಲೆ, ಮೇಣದಬತ್ತಿ, ಚಳಿಗೆ ಅಗ್ಗಿಷ್ಟಿಕೆ ಇವೆಲ್ಲ ಒಂದೆಡೆ ಸೇರಿದರೆ ಏನಾಗಬಹುದೆಂದು ಹೇಳಬೇಕಿಲ್ಲ. ವಾಷಿಂಗ್ಟನ್ನಿನಲ್ಲಿ 1833ರಲ್ಲಿ ಖಜಾನೆ ಕಟ್ಟಡವೂ 1836ರಲ್ಲಿ ಪೇಟೆಂಟ್ ಕಚೇರಿಯೂ ಸುಟ್ಟುಹೋದವು. ಎರಡನೆಯ ಬೆಂಕಿಯಲ್ಲಿ ಸಾವಿರಾರು ಆವಿಷ್ಕಾರಗಳ ದಾಖಲೆ, ಮಾದರಿಗಳು ಬೂದಿಯಾದವು. ಹೊಸ ಖಜಾನೆಯನ್ನು ಕಟ್ಟಿದ ರಾಬರ್ಟ್ ಮಿಲ್ಸ್ ಹೊರಗೆ ಗ್ರೀಕ್ ದೇಗುಲದಂತೆ ಅಯೋನಿಕ್ ಕಂಬಗಳ ಸಾಲು ನಿಲ್ಲಿಸಿದನೆಂಬುದನ್ನು ಎಲ್ಲರೂ ಹೇಳುತ್ತಾರೆ. ಅವನ ನಿಜವಾದ ಸಾಧನೆ ಒಳಗಿದೆ: ಪ್ರತಿ ಕೋಣೆಯ ಮೇಲೂ ಗಾರೆಯ ಕಮಾನು ಛಾವಣಿ. ಒಂದು ಕೋಣೆಯಲ್ಲಿ ಬೆಂಕಿ ಹತ್ತಿದರೆ ಅದು ಅಲ್ಲಿಯೇ ಉರಿದು ಆರಬೇಕೆಂಬುದು ಉದ್ದೇಶ. ಕಮಾನು ಹೊರಬೇಕಾದ ಗೋಡೆ ದಪ್ಪವಾಗಿರಬೇಕು, ಕೋಣೆ ಚಿಕ್ಕದಾಗಿರಬೇಕು. ಹಳೆಯ ಕಚೇರಿಗಳ ಕೋಣೆಗಳೆಲ್ಲ ಒಂದೇ ತೆರನಾಗಿರುವುದಕ್ಕೆ ಇದೂ ಒಂದು ಕಾರಣ. ಒಂದೇ ಅಳತೆಯ ಕಮಾನನ್ನು ಸಾಲಾಗಿ ಎಬ್ಬಿಸುವುದು ಸುಲಭ, ಅಗ್ಗ, ಮತ್ತು ಒಂದರ ಒತ್ತಡಕ್ಕೆ ಇನ್ನೊಂದು ಆಸರೆ. ಮುಂದೆ ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಪುಟ್ಟ ಕಮಾನುಗಳನ್ನು ಕೂರಿಸುವ ಜ್ಯಾಕ್ ಆರ್ಚ್ ಛಾವಣಿ ಬಂದಾಗ ಇದೇ ಕೆಲಸ ಇನ್ನೂ ತೆಳುವಾದ ಗೋಡೆಗಳಿಂದ ಸಾಧ್ಯವಾಯಿತು. ಗೆದ್ದಲಿನ ಕಾಟವಿದ್ದ ಭಾರತದ ಕಚೇರಿಗಳಲ್ಲಿ ಅದಕ್ಕೆ ಇಮ್ಮಡಿ ಪ್ರಯೋಜನವಿತ್ತು.

ಬೆಂಕಿ, ಬೆಳಕು, ಗಾಳಿ, ಕಾಗದ ಈ ನಾಲ್ಕನ್ನೂ ಒಟ್ಟಿಗೆ ಯೋಚಿಸಿ ಕಟ್ಟಿದ ಕಟ್ಟಡವೊಂದನ್ನು ತೋರಿಸಿ ಎಂದರೆ ನಾನು ವಾಷಿಂಗ್ಟನ್ನಿನ ಪಿಂಚಣಿ ಕಚೇರಿಯನ್ನು ತೋರಿಸುತ್ತೇನೆ. ಅಮೆರಿಕದ ಅಂತರ್ಯುದ್ಧದ ಸೈನಿಕರಿಗೆ, ಅವರ ವಿಧವೆಯರಿಗೆ, ಅನಾಥ ಮಕ್ಕಳಿಗೆ ಪಿಂಚಣಿ ಹಂಚಲೆಂದು ಹುಟ್ಟಿದ ಈ ಕಚೇರಿಯನ್ನು 1882ರಿಂದ 1887ರ ನಡುವೆ ಕಟ್ಟಿದವನು ಮಾಂಟ್‌ಗೊಮರಿ ಮೀಗ್ಸ್, ವೃತ್ತಿಯಿಂದ ಸೇನಾ ಇಂಜಿನಿಯರ್. ಅಗ್ನಿನಿರೋಧಕವಾಗಿರಬೇಕು, ಅಗ್ಗವಾಗಿರಬೇಕು ಎಂಬುದು ಆದೇಶ. ಆತ ಒಂದೂವರೆ ಕೋಟಿಗೂ ಹೆಚ್ಚು ಇಟ್ಟಿಗೆಗಳನ್ನು ಬಳಸಿದ. ಹೊರಗಿನ ರೂಪವನ್ನು ರೋಮಿನ ಫಾರ್ನೇಸೆ ಅರಮನೆಯಿಂದ ಪಡೆದುಕೊಂಡನಾದರೂ ಒಳಗೆ ಅಂಗಳವನ್ನು ಬಯಲಾಗಿ ಬಿಡದೆ ಅದರ ಮೇಲೆ ಎತ್ತರದ ಸೂರು ಹೊದಿಸಿ, 75 ಅಡಿ ಎತ್ತರದ ಎಂಟು ಕೊರಿಂಥಿಯನ್ ಕಂಬಗಳ ಮಹಾ ಹಜಾರವನ್ನು ನಿರ್ಮಿಸಿದ. ಈ ಕಂಬಗಳು ಅಮೃತಶಿಲೆಯವೆಂದು ನೋಡುಗರು ಭ್ರಮಿಸುತ್ತಾರೆ. ಅವು ಗಾರೆ ಬಳಿದು ಬಣ್ಣ ಹಚ್ಚಿದ ಇಟ್ಟಿಗೆಯ ಕಂಬಗಳು.

ಹಜಾರ ವೈಭವಕ್ಕೆಂದು ಕಂಡರೂ ಅದು ವಾಸ್ತವವಾಗಿ ಒಂದು ಹೊಗೆಗೂಡಿನಂತೆ ಕೆಲಸ ಮಾಡುತ್ತದೆ. ಪ್ರತಿ ಕಿಟಕಿಯ ಕೆಳಗೆ ಮೂರು ಇಟ್ಟಿಗೆಗಳನ್ನು ಇಡದೆ ಕಂಡಿ ಬಿಡಲಾಗಿದೆ. ಹೊರಗಿನ ತಂಪು ಗಾಳಿ ಆ ಕಂಡಿಗಳಿಂದ ಕೋಣೆಗೆ, ಕೋಣೆಯಿಂದ ಕಮಾನು ಬಾಗಿಲುಗಳ ಮೂಲಕ ಹಜಾರಕ್ಕೆ ಬಂದು, ಬಿಸಿಯಾಗಿ ಮೇಲೇರಿ ಸೂರಿನ ಬಳಿಯ ಕಿಟಕಿಗಳಿಂದ ಹೊರಬೀಳುತ್ತಿತ್ತು. ಕೋಣೆಗಳಿಗೆ ಹೊರಗೋಡೆಯಿಂದಲೂ ಹಜಾರದ ಕಡೆಯಿಂದಲೂ ಬೆಳಕು. ಕಡತಗಳ ಭಾರವನ್ನು ಸಾಗಿಸಲು ಮೇಲಿನ ಅಂತಸ್ತಿನಲ್ಲಿ ಹಳಿಯ ಮೇಲೆ ತೂಗುಬುಟ್ಟಿಗಳು ಓಡುತ್ತಿದ್ದವು. ಮೆಟ್ಟಿಲುಗಳನ್ನು ಗಿಡ್ಡವಾಗಿ, ಅಗಲವಾಗಿ ಕಟ್ಟಿದ್ದು ಯುದ್ಧದಲ್ಲಿ ಕಾಲು ಕಳೆದುಕೊಂಡವರು ಹತ್ತಲೆಂದು. ಹೊರಗೋಡೆಯನ್ನು ಸುತ್ತಿಕೊಂಡ 1,200 ಅಡಿ ಉದ್ದದ ಸುಟ್ಟಮಣ್ಣಿನ ಉಬ್ಬುಶಿಲ್ಪದ ಪಟ್ಟಿಯಲ್ಲಿ ಸೇನಾಪತಿಗಳ ಮೆರವಣಿಗೆಯಿಲ್ಲ. ಕಾಲಾಳುಗಳು, ಗಾಯಾಳುಗಳು, ಬಂಡಿ ಹೊಡೆಯುವವರು ನಡೆಯುತ್ತಿದ್ದಾರೆ. ಕಚೇರಿ ಯಾರಿಗಾಗಿ ಇದೆ ಎಂಬುದನ್ನು ಅದರ ಗೋಡೆಯೇ ಹೇಳುವ ಉದಾಹರಣೆಗಳು ಬಹಳ ಕಡಿಮೆ. ಆ ಕಾಲದ ಟೀಕಾಕಾರರು ಇದನ್ನು ಹಳಿದರು, ಇಟ್ಟಿಗೆಯ ಕಟ್ಟಡ ರಾಜಧಾನಿಯ ಘನತೆಗೆ ತಕ್ಕುದಲ್ಲ ಎಂಬುದು ಅವರ ಆಕ್ಷೇಪ.

ಘನತೆಯ ಈ ವಿವಾದ ಆ ಶತಮಾನವಿಡೀ ನಡೆಯಿತು. ಲಂಡನ್ನಿನ ವಿದೇಶಾಂಗ ಕಚೇರಿಗೆ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಗಾಥಿಕ್ ಶೈಲಿಯ ನಕ್ಷೆ ಕೊಟ್ಟಿದ್ದ. ಪ್ರಧಾನಿ ಪಾಮರ್‌ಸ್ಟನ್ ಒಪ್ಪದೆ ಇಟಾಲಿಯನ್ ಶೈಲಿಯೇ ಬೇಕೆಂದು ಹಟ ಹಿಡಿದ. ಸ್ಕಾಟ್ ಕೊನೆಗೆ ಪುಸ್ತಕಗಳನ್ನು ತರಿಸಿಕೊಂಡು ಇಟಾಲಿಯನ್ ಶೈಲಿ ಕಲಿತು ನಕ್ಷೆ ಬದಲಿಸಿದ, 1868ರಲ್ಲಿ ಕಟ್ಟಡ ತೆರೆಯಿತು. ಇದೇ ಸಮುಚ್ಚಯದ ಭಾಗವಾದ ಇಂಡಿಯಾ ಆಫೀಸಿನ ಒಳಾಂಗಣವನ್ನು ರೂಪಿಸಿದವನು ಮ್ಯಾಥ್ಯೂ ಡಿಗ್ಬಿ ವಯಟ್. ಅದರ ನಡುವಿನ ದರ್ಬಾರ್ ಅಂಗಳದಲ್ಲಿ 1867ರಲ್ಲಿ ತುರ್ಕಿಯ ಸುಲ್ತಾನನಿಗೆ ಔತಣವಿತ್ತರು. ಭಾರತವನ್ನು ಆಳುವ ಕಡತಗಳು ಆ ಅಂಗಳದ ಸುತ್ತಲಿನ ಕೋಣೆಗಳಲ್ಲಿದ್ದವು. ವಾಷಿಂಗ್ಟನ್ನಿನಲ್ಲಿ ಆಲ್ಫ್ರೆಡ್ ಮಲೆಟ್ ವಿದೇಶಾಂಗ, ಭೂಸೇನೆ, ನೌಕಾಸೇನೆ ಮೂರೂ ಇಲಾಖೆಗಳಿಗೆ 1871ರಿಂದ 1888ರವರೆಗೆ ಎದ್ದ ಕಟ್ಟಡಕ್ಕೆ ಫ್ರೆಂಚ್ ಶೈಲಿ ಆರಿಸಿದ. ಗಾಥಿಕ್, ಇಟಾಲಿಯನ್, ಫ್ರೆಂಚ್ ಎಂದು ಪತ್ರಿಕೆಗಳು ಕಚ್ಚಾಡಿದರೂ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದೇ ಕಥೆ: ಅಂಗಳಗಳು, ಅವುಗಳ ಸುತ್ತ ತೆಳುವಾದ ಕಟ್ಟಡದ ಪಟ್ಟಿ, ನಡುವೆ ಕಾರಿಡಾರ್. ಪಾಮರ್‌ಸ್ಟನ್ ಸೋತಿದ್ದರೂ ಗುಮಾಸ್ತನ ಮೇಜು ಒಂದು ಅಡಿಯೂ ಕದಲುತ್ತಿರಲಿಲ್ಲ.

ಬಿಸಿಲಿನ ದೇಶಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಬೆಳಕು ಬೇಕು, ಬಿಸಿಲು ಬೇಡ. ಅದಕ್ಕಾಗಿ ಒಳಗಿನ ಕಾರಿಡಾರ್ ಹೊರಗೋಡೆಯ ಆಚೆಗೆ ಸರಿದು ವರಾಂಡವಾಯಿತು. ಕೋಣೆಯ ಎರಡು ಬದಿಗೂ ಗಾಳಿಯಾಡುತ್ತದೆ, ಗೋಡೆಗೆ ನೆರಳಾಗುತ್ತದೆ, ಮತ್ತು ಕರೆಗಾಗಿ ಕಾಯುವ ಅರ್ಜಿದಾರರಿಗೆ ನಿಲ್ಲಲು ಜಾಗವಾಗುತ್ತದೆ. ಈ ಕೊನೆಯ ಉಪಯೋಗ ಯಾವ ನಕ್ಷೆಯಲ್ಲಿಯೂ ಬರೆದಿರುವುದಿಲ್ಲ, ಆದರೆ ವರಾಂಡವಿಲ್ಲದ ಕಚೇರಿಯಲ್ಲಿ ಜನ ಎಲ್ಲಿ ನಿಲ್ಲಬೇಕೆಂಬ ಸಮಸ್ಯೆ ಕೂಡಲೇ ಎದುರಾಗುತ್ತದೆ. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್ 1777ರಲ್ಲಿ ಥಾಮಸ್ ಲಯನ್ ಕಟ್ಟಿದಾಗ ಈಸ್ಟ್ ಇಂಡಿಯಾ ಕಂಪನಿಯ ಕಿರಿಯ ಗುಮಾಸ್ತರಿಗೆ ವಸತಿಯಾಗಿದ್ದ ನೀರಸ ಸಾಲುಮನೆ. ಇಂದು ಕಾಣುವ ಕೆಂಪಿಟ್ಟಿಗೆಯ ಕೊರಿಂಥಿಯನ್ ಮುಖ, ಮೇಲಿನ ಪ್ರತಿಮೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೊಡಿಸಿದ ಉಡುಪು. ಬೆಂಗಳೂರಿನ ಅಠಾರಾ ಕಚೇರಿ 1860ರ ದಶಕದಲ್ಲಿ ಎದ್ದದ್ದು ಮೈಸೂರು ಕಮಿಷನ್ನಿನ ಹದಿನೆಂಟು ಇಲಾಖೆಗಳಿಗಾಗಿ; ಅಠಾರಾ ಎಂದರೆ ಹದಿನೆಂಟು. ಅದಕ್ಕೂ ಮೊದಲು ಆ ಕಚೇರಿಗಳು ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿದ್ದವು. ಫ್ಲಾರೆನ್ಸಿನವರು ‘ಕಚೇರಿಗಳು’ ಎಂದು ಕರೆದು ಸುಮ್ಮನಾದರೆ ಇಲ್ಲಿಯವರು ಎಣಿಸಿಯೇ ಹೆಸರಿಟ್ಟರು. ಎರಡು ಕಡೆಯೂ ಜನರ ಗಮನ ಸೆಳೆದದ್ದು ಒಂದೇ ಸಂಗತಿ, ಚದುರಿದ್ದ ಅಧಿಕಾರ ಒಂದೆಡೆ ಬಂದು ಕುಳಿತದ್ದು.

ಹೊಸದಿಲ್ಲಿಯ ಸಚಿವಾಲಯದ ಎರಡು ಬ್ಲಾಕುಗಳಲ್ಲಿ ಹರ್ಬರ್ಟ್ ಬೇಕರ್ ಇವೇ ಉಪಾಯಗಳನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ: ಮರಳುಗಲ್ಲಿನ ಆಳವಾದ ಛಜ್ಜಾ, ಜಾಲಂಧ್ರ, ಒಳ ಅಂಗಳಗಳು. ಬೆಟ್ಟದ ಮೇಲಕ್ಕೆ ಹೋಗುವ ರಸ್ತೆಯ ಇಳಿಜಾರು ವೈಸರಾಯ್ ಭವನವನ್ನು ಕೆಳಗಿನಿಂದ ನೋಡುವವರಿಗೆ ಮರೆಮಾಡಿತೆಂದು ಆ ಭವನದ ವಾಸ್ತುಶಿಲ್ಪಿ ಲಟ್ಯನ್ಸ್ ಬೇಕರ್‌ನ ಮೇಲೆ ಜೀವಮಾನದ ಮುನಿಸು ಸಾಧಿಸಿದ್ದು ಪ್ರಸಿದ್ಧ ಪ್ರಸಂಗ. ಆ ಜಗಳದ ಆಚೆ ನೋಡಿದರೆ, ಅರಸನ ಮನೆಗಿಂತ ಮೊದಲು ಕಚೇರಿಗಳೇ ಕಣ್ಣಿಗೆ ಬೀಳುವ ರಾಜಧಾನಿ ಅದಾಯಿತು ಎನ್ನಬಹುದು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಪೆಟ್ಟಿಗೆಗಳದು. ಇದಕ್ಕೆ ಕಾಂಕ್ರೀಟನ್ನೋ ಆಧುನಿಕ ವಾಸ್ತುಶಿಲ್ಪಿಗಳ ಅಭಿರುಚಿಯನ್ನೋ ದೂರುವುದು ವಾಡಿಕೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಮೊದಲ ಕಾರಣ ಸಂಖ್ಯೆ. ಎರಡು ಮಹಾಯುದ್ಧಗಳು, ಪಡಿತರ, ಪಿಂಚಣಿ, ವಿಮೆ, ಯೋಜನೆಗಳು ಇವೆಲ್ಲ ಸೇರಿ ಸರ್ಕಾರಗಳ ಗುಮಾಸ್ತರನ್ನು ಹಿಂದೆ ಊಹಿಸಲಾಗದಷ್ಟು ಹೆಚ್ಚಿಸಿದವು. ಇದರ ಪರಾಕಾಷ್ಠೆ ಅಮೆರಿಕದ ಸೇನಾಡಳಿತದ ಕಚೇರಿಯಾದ ಪೆಂಟಗಾನ್. 1941ರ ಸೆಪ್ಟೆಂಬರ್ 11ರಂದು ಕೆಲಸ ಆರಂಭವಾಗಿ 1943ರ ಜನವರಿಯಲ್ಲಿ, ಹದಿನಾರೇ ತಿಂಗಳಲ್ಲಿ, ಮುಗಿಯಿತು. ಐದು ಮೂಲೆಯ ಆಕಾರಕ್ಕೆ ಗೂಢಾರ್ಥವೇನೂ ಇಲ್ಲ, ಮೊದಲು ಗೊತ್ತುಮಾಡಿದ್ದ ನಿವೇಶನ ರಸ್ತೆಗಳಿಂದ ಸುತ್ತುವರಿದು ಹಾಗಿತ್ತು. ನಿವೇಶನ ಬದಲಾದರೂ ನಕ್ಷೆ ಬದಲಿಸಲು ವ್ಯವಧಾನವಿರಲಿಲ್ಲ. ಯುದ್ಧಕ್ಕೆ ಬೇಕಾದ ಉಕ್ಕನ್ನು ಉಳಿಸಲು ಕಾಂಕ್ರೀಟಿನಲ್ಲಿ ಕಟ್ಟಿ, ಲಿಫ್ಟುಗಳ ಬದಲು ಇಳಿಜಾರು ದಾರಿಗಳನ್ನಿಟ್ಟರು. ಕಾರಿಡಾರ್‌ಗಳ ಒಟ್ಟು ಉದ್ದ ಸುಮಾರು 28 ಕಿಲೋಮೀಟರ್. ಇಷ್ಟಾಗಿಯೂ ಅದು ಪೆಟ್ಟಿಗೆಯಲ್ಲ ಎಂಬುದನ್ನು ಗಮನಿಸಬೇಕು. ಒಂದರೊಳಗೊಂದು ಕೂತ ಐದು ತೆಳು ಉಂಗುರಗಳು, ಉಂಗುರಗಳ ನಡುವೆ ಬೆಳಕಿಗಾಗಿ ಬಿಟ್ಟ ಸಂದುಗಳು: ವಸಾರಿಯ ಹಗ್ಗವನ್ನೇ ಐದು ಸುತ್ತು ಸುತ್ತಿದಂತೆ.

ಕಲ್ಲಿನ ಹೊದಿಕೆಯ ಗಾಂಭೀರ್ಯ ಯಾವ ಸಿದ್ಧಾಂತಕ್ಕೂ ನಿಷ್ಠವಲ್ಲ ಎಂಬುದಕ್ಕೆ ಬರ್ಲಿನ್ನಿನ ವಿಮಾನ ಸಚಿವಾಲಯ ಸಾಕ್ಷಿ. ಅರ್ನ್‌ಸ್ಟ್ ಸಾಗೆಬೀಲ್ ನಾಜಿ ಸರ್ಕಾರಕ್ಕಾಗಿ 1935–36ರಲ್ಲಿ ಕಟ್ಟಿದ ಆ ಕಟ್ಟಡದಲ್ಲಿಯೇ 1949ರ ಅಕ್ಟೋಬರ್ 7ರಂದು ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಸ್ಥಾಪನೆ ಘೋಷಣೆಯಾಯಿತು. ಇಂದು ಅಲ್ಲಿ ಒಗ್ಗೂಡಿದ ಜರ್ಮನಿಯ ಹಣಕಾಸು ಸಚಿವಾಲಯವಿದೆ. ಮೂರು ರಾಜ್ಯವ್ಯವಸ್ಥೆಗಳು ಒಂದೇ ಕಾರಿಡಾರ್‌ಗಳಲ್ಲಿ ಓಡಾಡಿದವು. ಯುದ್ಧದ ನಂತರ ಬಹಳ ದೇಶಗಳಲ್ಲಿ ಕಂಬಸಾಲು, ಕಮಾನು, ಕಲ್ಲಿನ ಗೋಡೆಗಳ ಮೇಲೆ ಹುಟ್ಟಿದ ಸಂಶಯಕ್ಕೆ ಇಂತಹ ಕಟ್ಟಡಗಳ ನೆನಪೂ ಕಾರಣ. ಆಗಷ್ಟೇ ಸ್ವತಂತ್ರವಾದ ದೇಶಗಳಿಗೆ ಆಳರಸರ ಶೈಲಿ ಬೇಡವಾಗಿತ್ತು. ಚಂಡೀಗಢದಲ್ಲಿ ಲ ಕಾರ್ಬೂಸಿಯೆ 254 ಮೀಟರ್ ಉದ್ದ, 42 ಮೀಟರ್ ಎತ್ತರದ ಸಚಿವಾಲಯವನ್ನು ಬರಿಯ ಕಾಂಕ್ರೀಟಿನಲ್ಲಿ ನಿಲ್ಲಿಸಿದ. ಅದರ ಮುಖದ ಮೇಲಿನ ಆಳವಾದ ಬಿಸಿಲುತಡೆ ಚೌಕಟ್ಟುಗಳು ಬೇರೆ ಭಾಷೆಯಲ್ಲಿ ಹೇಳಿದ ವರಾಂಡವೇ. ಬ್ರೆಸಿಲಿಯಾದಲ್ಲಿ ಆಸ್ಕರ್ ನೀಮೆಯರ್ ಸಚಿವಾಲಯಗಳನ್ನೆಲ್ಲ ಹುಲ್ಲುಹಾಸಿನ ಇಕ್ಕೆಲಗಳಲ್ಲಿ ಒಂದೇ ಅಚ್ಚಿನ ಚಪ್ಪಡಿಗಳಂತೆ ಸಾಲು ನಿಲ್ಲಿಸಿದ.

ನಿಜವಾದ ತಿರುವು ಇವರಿಂದಲ್ಲ, ಛಾವಣಿಯಿಂದ ಬಂತು. 1930ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟ್ ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ಕಾವಿನಲ್ಲಿ ದಿನವಿಡೀ ಬೆಳಕು ಕೊಟ್ಟಿತು. ಹವಾನಿಯಂತ್ರಣ ಅದಕ್ಕೆ ಜೊತೆಯಾಯಿತು. ಇವೆರಡೂ ಸೇರಿದಾಗ ಮೇಜು ಕಿಟಕಿಯ ಬಳಿಯೇ ಇರಬೇಕೆಂಬ ಶತಮಾನಗಳ ಕಟ್ಟಳೆ ಬಿದ್ದುಹೋಯಿತು. ಅಂಗಳ ಅನಗತ್ಯ ಖರ್ಚಾಯಿತು, ಕಾರಿಡಾರ್ ವ್ಯರ್ಥ ಜಾಗವಾಯಿತು, ಕಟ್ಟಡ ದಪ್ಪವಾಗಿ ಎಲ್ಲ ಬದಿಗೂ ಒಂದೇ ತೆರನಾದ ಗಾಜು ಹೊದ್ದಿತು. ಚದರಡಿಗೆ ಇಷ್ಟು ಎಂದು ಟೆಂಡರು ಕರೆಯುವ ವ್ಯವಸ್ಥೆಯಲ್ಲಿ ಘನಾಕೃತಿಗಿಂತ ಅಗ್ಗವಾದ ಆಕಾರವಿಲ್ಲ, ಏಕೆಂದರೆ ಅದೇ ಜಾಗಕ್ಕೆ ಅದರ ಹೊರಗೋಡೆ ಕಡಿಮೆ ಸಾಕು. ಪೆಟ್ಟಿಗೆ ಹುಟ್ಟಿದ್ದು ಹೀಗೆ. ಇದರ ನಡುವೆ 1962ರಲ್ಲಿ ಅಮೆರಿಕದಲ್ಲಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಬರೆದ ಮಾರ್ಗಸೂತ್ರಗಳು ಸರ್ಕಾರಕ್ಕೆ ಅಧಿಕೃತ ಶೈಲಿ ಎಂಬುದೊಂದು ಇರಬಾರದು ಎಂದು ಸಾರಿದವು. ಒಳ್ಳೆಯ ಆಶಯವೇ, ಆದರೆ ಶೈಲಿಯನ್ನು ಯಾರೂ ಆರಿಸದಿದ್ದಾಗ ಅದನ್ನು ಅಂದಾಜುಪಟ್ಟಿ ಆರಿಸುತ್ತದೆ.

ಪೆಟ್ಟಿಗೆಗೆ ಪೆಟ್ಟು ಬಿದ್ದದ್ದು ಎರಡು ಕಡೆಯಿಂದ. 1995ರ ಏಪ್ರಿಲ್ 19ರಂದು ಓಕ್ಲಹೋಮ ನಗರದ ಕೇಂದ್ರ ಸರ್ಕಾರಿ ಕಚೇರಿಯ ಮುಂದೆ ಸ್ಫೋಟಕ ತುಂಬಿದ ಟ್ರಕ್ ಸಿಡಿದು 168 ಜನ ಸತ್ತರು. ಬೀದಿಗೆ ತಾಗಿಕೊಂಡಿದ್ದ ಕೆಲವೇ ಕಂಬಗಳು ಮುರಿದದ್ದರಿಂದ, ಅವುಗಳ ಮೇಲೆ ನಿಂತಿದ್ದ ಅಂತಸ್ತುಗಳು ಒಂದರ ಮೇಲೊಂದು ಕುಸಿದವು. ಅಂದಿನಿಂದ ರಸ್ತೆಯಿಂದ ದೂರ, ಒಂದು ಕಂಬ ಹೋದರೂ ಉಳಿದವು ಹೊರುವಂತಹ ರಚನೆ, ಬಡಿತ ತಡೆಯುವ ಗಾಜು, ಕಲ್ಲಿನ ತಡೆಗಂಬಗಳು ನಿಯಮಗಳಾದವು. ಇನ್ನೊಂದು ಪೆಟ್ಟು ಹವಾನಿಯಂತ್ರಣದ ವಿದ್ಯುತ್ ಬಿಲ್ಲಿನದು. ಥಾಮ್ ಮೇನ್ ರೂಪಿಸಿ 2007ರಲ್ಲಿ ಮುಗಿದ ಸ್ಯಾನ್ ಫ್ರಾನ್ಸಿಸ್ಕೊದ ಕೇಂದ್ರ ಸರ್ಕಾರಿ ಕಚೇರಿಯ ಹೊರಮೈ ಉಕ್ಕಿನ ಪರದೆ ಹೊದ್ದ ವಿಚಿತ್ರ ಯಂತ್ರದಂತಿದೆ. ಅದರ ಗೋಪುರದ ಅಗಲ ಮಾತ್ರ 65 ಅಡಿ, ಅಂದರೆ ಸುಮಾರು ಇಪ್ಪತ್ತು ಮೀಟರ್. ತೆರೆಯಬಲ್ಲ ಕಿಟಕಿಗಳಿಂದ ಗಾಳಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾದುಹೋಗುತ್ತದೆ, ಮೇಜುಗಳಿಗೆ ಹಗಲು ಬೆಳಕು ತಲುಪುತ್ತದೆ. ಟ್ಯೂಬ್‌ಲೈಟ್ ಮುರಿದ ಕಟ್ಟಳೆಯನ್ನು ಗಣಕಯಂತ್ರದ ಕಾಲ ಮತ್ತೆ ಪಾಲಿಸತೊಡಗಿದೆ.

ತೆಳುವಾದ ಆ ಹಳೆಯ ಕಟ್ಟಡಗಳಲ್ಲಿ ಹಲವು ಈಗ ಕಚೇರಿಗಳಲ್ಲ. ಉಫೀಜಿ ಚಿತ್ರಶಾಲೆ, ಸೋಮರ್‌ಸೆಟ್ ಹೌಸ್ ಕಲಾಕೇಂದ್ರ, ವಾಷಿಂಗ್ಟನ್ನಿನಲ್ಲಿ ಸುಟ್ಟುಹೋದದ್ದರ ಬದಲು ಬಂದ ಹೊಸ ಪೇಟೆಂಟ್ ಕಚೇರಿ ಕಲಾ ಸಂಗ್ರಹಾಲಯ, ಮೀಗ್ಸನ ಪಿಂಚಣಿ ಕಚೇರಿ ಕಟ್ಟಡಕಲೆಯದೇ ಸಂಗ್ರಹಾಲಯ. ಕಾಗದ ಓದಲು ಬೇಕಾದದ್ದೂ ಚಿತ್ರ ನೋಡಲು ಬೇಕಾದದ್ದೂ ಹೆಚ್ಚುಕಡಿಮೆ ಒಂದೇ: ಹದವಾದ ಬೆಳಕು, ಸಾಲು ಕೋಣೆ, ನಡೆದು ಸಾಗುವ ದಾರಿ, ಬೆಂಕಿಗೆ ಜಗ್ಗದ ಛಾವಣಿ. ಪ್ಯಾರಿಸ್ಸಿನಲ್ಲಿ 1871ರ ದಂಗೆಯಲ್ಲಿ ತನ್ನ ಕಟ್ಟಡ ಸುಟ್ಟುಹೋದ ಹಣಕಾಸು ಸಚಿವಾಲಯ ಲೂವ್ರ್ ಅರಮನೆಯ ಒಂದು ಪಾರ್ಶ್ವದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಬೀಡುಬಿಟ್ಟಿತ್ತು. 1989ರಲ್ಲಿ ಅದು ಸೇನ್ ನದಿಯ ದಡದ ಬೆರ್ಸಿಯ ಹೊಸ ಕಟ್ಟಡಕ್ಕೆ ಹೋಯಿತು. ಅದು ಬಿಟ್ಟುಹೋದ ಅಂಗಳಗಳಿಗೆ ಗಾಜಿನ ಸೂರು ಹಾಕಿದರು. ಸುತ್ತಲಿನ ಗುಮಾಸ್ತರ ಕಿಟಕಿಗಳಿಗೆ ಬೆಳಕು ಕೊಡುತ್ತಿದ್ದ ಆ ಬಯಲುಗಳಲ್ಲಿ 1993ರಿಂದ ಅಮೃತಶಿಲೆಯ ಕುದುರೆಗಳು ನಿಂತಿವೆ.